ಇಜಿಆರ್ ರಿಪೇರಿ ಆದ ಮೇಲೆ ಇಂಜಿನ್ ಜಾಸ್ತಿ ಬಿಸಿ ಆಗುತ್ತಿದೆಯಾ? ಹೀಗೆ ಹುಡುಕಿ

"ಇಜಿಆರ್ ಕೂಲರ್ ಬದಲಾಯಿಸಿದ ಮೇಲೆ ಗಾಡಿ ಮೊದಲಿಗಿಂತ ಬಿಸಿ ಆಗುತ್ತಿದೆ, ಏನು ಮಾಡಲಿ?" ಈ ಪ್ರಶ್ನೆ ಪದೇ ಪದೇ ಬರುತ್ತದೆ. ಕೆಲವರು ಇಜಿಆರ್ ವಾಲ್ವ್ ಕ್ಲೀನ್ ಮಾಡಿಸಿರುತ್ತಾರೆ. ಕೆಲವರು ಮಸಿ ಹಿಡಿಯುವ ಡಿಪಿಎಫ್ ಬಿಚ್ಚಿಸಿ ತೊಳೆಸಿರುತ್ತಾರೆ. ಇನ್ನು ಕೆಲವರು ಹೊಗೆಯ ವಿಷ ಇಳಿಸುವ ಕ್ಯಾಟಲಿಟಿಕ್ ಕನ್ವರ್ಟರ್ ಹೊಸದು ಹಾಕಿಸಿರುತ್ತಾರೆ. ಎಲ್ಲರಿಗೂ ಅನುಮಾನ ಹೊಸ ಪಾರ್ಟ್ ಮೇಲೆಯೇ. ಆದರೆ ಬಹಳಷ್ಟು ಸಲ ತೊಂದರೆ ಅದರಲ್ಲಿ ಇರುವುದಿಲ್ಲ. ಅದರ ಹತ್ತಿರ ಕೈ ಹೋಗಲಿ ಅಂತ ಇನ್ನೇನೇನು ಬಿಚ್ಚಿದ್ದರೋ, ಅಲ್ಲಿರುತ್ತದೆ.

ಇಲ್ಲಿ ನಮ್ಮ ರಸ್ತೆಗಳಲ್ಲಿ ಓಡುವ ಬಿಎಸ್4, ಬಿಎಸ್6 (ಹೊಗೆ ಮಾಲಿನ್ಯಕ್ಕೆ ಸರ್ಕಾರ ಇಟ್ಟ ಮಿತಿಗಳು) ಡೀಸೆಲ್ ಕಾರುಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ. ಪೆಟ್ರೋಲ್ ಗಾಡಿಯವರಿಗೂ ನಡುವೆ ಎರಡು ಮಾತು ಇದೆ.

ಹೊಗೆಗೂ ಕೂಲಂಟ್‌ಗೂ ಏನು ಸಂಬಂಧ?

ಇಜಿಆರ್ ಎಂದರೆ ಸೈಲೆನ್ಸರ್ ಕಡೆ ಹೋಗುವ ಸುಟ್ಟ ಗಾಳಿಯಲ್ಲಿ ಒಂದು ಪಾಲನ್ನು ತಿರುಗಿ ಇಂಜಿನ್ ಒಳಕ್ಕೇ ಕಳಿಸುವ ಏರ್ಪಾಡು. ಈ ಗಾಳಿಯಲ್ಲಿ ಆಮ್ಲಜನಕ ಕಡಿಮೆ. ಅದು ಬೆರೆತಾಗ ಸಿಲಿಂಡರ್ ಒಳಗಿನ ಉರಿಯ ಕಾವು ಇಳಿಯುತ್ತದೆ, ನೈಟ್ರೋಜನ್ ಆಕ್ಸೈಡ್ ಎಂಬ ವಿಷಾನಿಲ ಕಡಿಮೆ ಹುಟ್ಟುತ್ತದೆ. ಬಿಎಸ್4 ಡೀಸೆಲ್ ಕಾರಿಗೆ ಈ ಅನಿಲದ ಮಿತಿ ಕಿಲೋಮೀಟರಿಗೆ 250 ಮಿಲಿಗ್ರಾಂ ಇತ್ತು. 2020ರ ಏಪ್ರಿಲ್ 1ರಿಂದ ಬಂದ ಬಿಎಸ್6ರಲ್ಲಿ ಅದು 80ಕ್ಕೆ ಇಳಿಯಿತು.

ಹೀಗೆ ತಿರುಗಿ ಬರುವ ಗಾಳಿ ನೂರಾರು ಡಿಗ್ರಿ ಬಿಸಿ ಇರುತ್ತದೆ. ಅದನ್ನು ಹಾಗೇ ಒಳಗೆ ಬಿಡುವಂತಿಲ್ಲ. ಮೊದಲು ಇಜಿಆರ್ ಕೂಲರ್ ಎಂಬ ಪುಟ್ಟ ರೇಡಿಯೇಟರ್‌ನಲ್ಲಿ ಹಾಯಿಸುತ್ತಾರೆ. ಆ ಕೂಲರ್‌ನಲ್ಲಿ ಹರಿಯುವುದು ನಿಮ್ಮ ಇಂಜಿನ್ನಿನದೇ ಕೂಲಂಟ್ (ಇಂಜಿನ್ ತಣ್ಣಗಿಡಲು ಸುತ್ತುವ ದ್ರವ).

ಇದರಿಂದ ಎರಡು ವಿಷಯ ಗೊತ್ತಾಗುತ್ತವೆ. ಒಂದು, ಕೂಲರ್ ಬಿಚ್ಚಬೇಕೆಂದರೆ ಕೂಲಂಟ್ ಖಾಲಿ ಮಾಡಲೇಬೇಕು, ಮತ್ತೆ ತುಂಬಿಸುವಾಗ ಒಳಗೆ ಗಾಳಿ ಸಿಕ್ಕಿಕೊಳ್ಳಬಹುದು. ಇನ್ನೊಂದನ್ನು ಯಾರೂ ಹೇಳುವುದಿಲ್ಲ. ನಿಮ್ಮ ಹಳೇ ಇಜಿಆರ್ ವಾಲ್ವ್ ಮಸಿ ಹಿಡಿದು ಮುಚ್ಚಿಕೊಂಡೇ ಇತ್ತು ಅನ್ನಿ. ಆಗ ಆ ಹೊಗೆಯ ಬಿಸಿ ಕೂಲಂಟ್‌ಗೆ ಬರುತ್ತಲೇ ಇರಲಿಲ್ಲ. ಈಗ ರಿಪೇರಿ ಸರಿಯಾಗಿ ಆಗಿದೆ, ಬಿಸಿ ಬರುತ್ತಿದೆ. ಲೋಡ್ ಇದ್ದಾಗ, ಏರು ಹತ್ತುವಾಗ ಕೆಲವು ಡಿಗ್ರಿ ಹೆಚ್ಚು ತೋರಿಸಿದರೆ ಅದು ದೋಷವೇ ಆಗಿರಬೇಕಿಲ್ಲ. ಆದರೆ ರೇಡಿಯೇಟರ್ ಮೊದಲೇ ಅರ್ಧ ಕಟ್ಟಿಕೊಂಡಿದ್ದರೆ ಅದರ ಬಣ್ಣ ಈಗ ಬಯಲಾಗುತ್ತದೆ.

ಶುರು ಮಾಡುವ ಮುಂಚೆ

ಇಷ್ಟು ಇಟ್ಟುಕೊಳ್ಳಿ: ಒಬಿಡಿ ಸಾಕೆಟ್‌ಗೆ ಸಿಕ್ಕಿಸುವ ಬ್ಲೂಟೂತ್ ಸ್ಕ್ಯಾನರ್ ಅಡಾಪ್ಟರ್ (ಸ್ಟೇರಿಂಗ್ ಕೆಳಗೆ ಇರುವ ಸಾಕೆಟ್ ಅದು, ಇಂಜಿನ್ ಕಂಪ್ಯೂಟರ್ ಜೊತೆ ಮಾತಾಡುವ ದಾರಿ), ಮೊಬೈಲಿನಲ್ಲಿ ಅದರ ಆ್ಯಪ್, ಇನ್‌ಫ್ರಾರೆಡ್ ಥರ್ಮಾಮೀಟರ್, ಟಾರ್ಚ್, ದಪ್ಪ ಬಟ್ಟೆ, ಮ್ಯಾನುಯಲ್‌ನಲ್ಲಿ ಹೇಳಿರುವ ಕೂಲಂಟ್, ಡಿಸ್ಟಿಲ್ಡ್ ವಾಟರ್, ಒಂದು ನೋಟ್‌ಬುಕ್. ಪ್ರೆಷರ್ ಟೆಸ್ಟರ್ ಬೇಕಾದರೆ ಗ್ಯಾರೇಜಿನಲ್ಲಿ ಇರುತ್ತದೆ, ಕೊಳ್ಳುವ ಅಗತ್ಯ ಇಲ್ಲ.

ಎಚ್ಚರಿಕೆ: ಇಂಜಿನ್ ಬಿಸಿ ಇರುವಾಗ ರೇಡಿಯೇಟರ್ ಮುಚ್ಚಳವನ್ನಾಗಲಿ, ಕೂಲಂಟ್ ಟ್ಯಾಂಕಿನ ಮುಚ್ಚಳವನ್ನಾಗಲಿ ತೆಗೆಯಬೇಡಿ. ಒಳಗೆ ಪ್ರೆಷರ್ ಇರುತ್ತದೆ. ತೆಗೆದ ಕ್ಷಣ ಕುದಿಯುವ ನೀರು ಮುಖಕ್ಕೇ ಚಿಮ್ಮುತ್ತದೆ. ಫ್ಯಾನ್ ಹತ್ತಿರವೂ ಕೈ ಹಾಕಬೇಡಿ. ಕೀ ತೆಗೆದ ಮೇಲೂ ಅದು ತಾನಾಗಿ ತಿರುಗಬಹುದು.

ಕೆಂಪು ದೀಪ ಬಂದಿದ್ದರೆ, ಆವಿ ಏಳುತ್ತಿದ್ದರೆ ಈ ಹಂತಗಳನ್ನೆಲ್ಲ ಬಿಡಿ. ಗಾಡಿ ನಿಲ್ಲಿಸಿ, ಟೋ ಮಾಡಿಸಿ. ಬಿಸಿ ಇಂಜಿನ್ ಮೇಲೆ ತಣ್ಣೀರು ಸುರಿಯಬೇಡಿ, ಹೆಡ್ (ಸಿಲಿಂಡರ್‌ಗಳ ಮೇಲೆ ಕೂರುವ ಇಂಜಿನ್ನಿನ ಮೇಲ್ಭಾಗ) ಬಿರುಕು ಬಿಡಬಹುದು.

1. ನಿಜವಾಗಿಯೂ ಬಿಸಿ ಜಾಸ್ತಿ ಆಗಿದೆಯಾ?

ಇದು ಬೇಡದ ಪ್ರಶ್ನೆ ಅನ್ನಿಸಬಹುದು, ಆದರೆ ಅರ್ಧ ಗಲಿಬಿಲಿ ಇಲ್ಲೇ ಬಗೆಹರಿಯುತ್ತದೆ. ಡ್ಯಾಶ್‌ಬೋರ್ಡಿನ ಮುಳ್ಳು ಹೆಚ್ಚಿನ ಕಾರುಗಳಲ್ಲಿ ಇರುವುದನ್ನು ಇದ್ದ ಹಾಗೆ ತೋರಿಸುವುದಿಲ್ಲ. ಸುಮಾರು 80ರಿಂದ 100 ಡಿಗ್ರಿಯವರೆಗೆ ಏನೇ ಇದ್ದರೂ ನಡುವೆಯೇ ನಿಂತಿರುವಂತೆ ಕಂಪನಿಯವರೇ ಮಾಡಿರುತ್ತಾರೆ. ರಿಪೇರಿ ಆದ ಮೇಲೆ ಜನ ಮೊದಲ ಸಲ ಸ್ಕ್ಯಾನರ್ ಸಿಕ್ಕಿಸಿ ನೋಡುತ್ತಾರೆ. 97, 99, 101 ಅಂತ ಬರುತ್ತದೆ. ಗಾಬರಿ ಶುರು. ರಿಪೇರಿಗೆ ಮುಂಚೆ ಎಷ್ಟಿತ್ತು ಅಂದರೆ ಉತ್ತರ ಇಲ್ಲ, ಏಕೆಂದರೆ ಆಗ ನೋಡಿಯೇ ಇರಲಿಲ್ಲ.

ಸಾಮಾನ್ಯವಾಗಿ ಥರ್ಮೋಸ್ಟಾಟ್ (ಕೂಲಂಟ್ ಬಿಸಿಯಾದ ಮೇಲೆ ಮಾತ್ರ ರೇಡಿಯೇಟರ್ ಕಡೆಗೆ ಬಿಡುವ ವಾಲ್ವ್) 82ರಿಂದ 90 ಡಿಗ್ರಿ ಆಸುಪಾಸಿನಲ್ಲಿ ತೆರೆಯಲು ಶುರುವಾಗುತ್ತದೆ. ಫ್ಯಾನ್ 95ರಿಂದ 105ರ ನಡುವೆ ಎಲ್ಲೋ ಆನ್ ಆಗುತ್ತದೆ. ಹಾಗಾಗಿ ಟ್ರಾಫಿಕ್ಕಿನಲ್ಲಿ ನೂರರ ಹತ್ತಿರ ಹೋಗಿ ಇಳಿದರೆ ಅದು ಆರೋಗ್ಯದ ಲಕ್ಷಣ. 105 ದಾಟಿ ಇಳಿಯದೇ ನಿಂತರೆ ಗಮನ ಕೊಡಿ. 110 ದಾಟಿದರೆ ಎಸಿ ಆಫ್ ಮಾಡಿ, ವೇಗ ತಗ್ಗಿಸಿ. 115ರ ಹತ್ತಿರ ಬಂದರೆ ನಿಲ್ಲಿಸಿ. ನಿಮ್ಮ ಗಾಡಿಯ ಮ್ಯಾನುಯಲ್ ಬೇರೆ ಅಂಕಿ ಹೇಳಿದರೆ ಅದನ್ನೇ ನಂಬಿ.

ಅಂಕಿಗಳನ್ನು ಹೋಲಿಸುವಾಗ ಒಂದೇ ರಸ್ತೆ, ಒಂದೇ ಹೊತ್ತು, ಎಸಿ ಒಂದೇ ರೀತಿ ಇರಲಿ. ರಾಯಚೂರಿನ ಏಪ್ರಿಲ್ ಮಧ್ಯಾಹ್ನವನ್ನೂ ಮಡಿಕೇರಿಯ ಮಳೆಗಾಲವನ್ನೂ ಪಕ್ಕ ಪಕ್ಕ ಇಟ್ಟರೆ ಏನೂ ತಿಳಿಯುವುದಿಲ್ಲ. ಕೂಲಂಟ್ ತಾಪ, ಹೊರಗಿನ ತಾಪ, ವೇಗ, ಆರ್‌ಪಿಎಂ, ಎಸಿ, ಫ್ಯಾನ್ ಓಡುತ್ತಿದೆಯಾ ಇಲ್ಲವಾ — ಇಷ್ಟು ಬರೆದಿಡಿ. ನಿಂತಾಗ ಏರಿ ಓಡಿದಾಗ ಇಳಿದರೆ ಫ್ಯಾನ್ ಕಡೆ ನೋಡಿ. ನಿಂತಾಗ ಸರಿ ಇದ್ದು ಹೆದ್ದಾರಿಯಲ್ಲಿ, ಘಾಟಿಯಲ್ಲಿ ಏರಿದರೆ ಕೂಲಂಟ್ ಹರಿವು, ರೇಡಿಯೇಟರ್, ಇಲ್ಲವೇ ಹೊಗೆ ಹೋಗುವ ದಾರಿ ಕಟ್ಟಿರುವುದು ಕಾರಣವಿರಬಹುದು. ಈ ಒಂದು ವ್ಯತ್ಯಾಸ ಗೊತ್ತಾದರೆ ಮುಂದಿನ ಅರ್ಧ ಕೆಲಸ ಉಳಿಯುತ್ತದೆ.

2. ಸೆನ್ಸರ್ ಸರಿಯಾಗಿ ಹೇಳುತ್ತಿದೆಯಾ?

ರಾತ್ರಿಯಿಡೀ ನಿಂತ ಗಾಡಿಗೆ ಬೆಳಿಗ್ಗೆ ಸ್ಕ್ಯಾನರ್ ಹಾಕಿ, ಸ್ಟಾರ್ಟ್ ಮಾಡದೆ ಕೀ ಮಾತ್ರ ಆನ್ ಮಾಡಿ. ಕೂಲಂಟ್ ತಾಪ, ಒಳಬರುವ ಗಾಳಿಯ ತಾಪ ಎರಡೂ ಹೆಚ್ಚು ಕಡಿಮೆ ಒಂದೇ ಇರಬೇಕು. ಹೊರಗೆ 24 ಇದ್ದು ಕೂಲಂಟ್ ಸೆನ್ಸರ್ 36 ತೋರಿಸಿದರೆ ಅದನ್ನು ನಂಬಬೇಡಿ. ಇಜಿಆರ್ ಬಿಚ್ಚುವಾಗ ಈ ಸೆನ್ಸರಿನ ಕನೆಕ್ಟರ್ ಎಳೆದಿರುವುದು, ವೈರ್ ನಲುಗಿರುವುದು ಸಾಮಾನ್ಯ. ಈ ಸೆನ್ಸರ್‌ಗಳಲ್ಲಿ ತಾಪ ಏರಿದಷ್ಟೂ ರೆಸಿಸ್ಟೆನ್ಸ್ ಇಳಿಯುತ್ತದೆ. ಆದ್ದರಿಂದ ವೈರ್ ಶಾರ್ಟ್ ಆದರೆ ವಿಪರೀತ ಬಿಸಿ ಅಂತ ತೋರಿಸುತ್ತದೆ (ಸ್ಕ್ಯಾನರಿನಲ್ಲಿ ಬರುವ ದೋಷದ ಕೋಡ್ ಪಿ0117), ಕಡಿದುಹೋದರೆ ಮೈನಸ್ 40 ಅಂತ ತೋರಿಸುತ್ತದೆ (ಪಿ0118).

ಇಂಜಿನ್ ಬಿಸಿಯಾದ ಮೇಲೆ ಇನ್‌ಫ್ರಾರೆಡ್ ಥರ್ಮಾಮೀಟರನ್ನು ಥರ್ಮೋಸ್ಟಾಟ್ ಹತ್ತಿರದ ಕಪ್ಪು ರಬ್ಬರ್ ಹೋಸ್‌ಗೆ ಹಿಡಿದು ತಾಳೆ ನೋಡಿ. ಹೊಳೆಯುವ ಅಲ್ಯೂಮಿನಿಯಂ ಮೇಲೆ ಹಿಡಿದರೆ ತಪ್ಪು ಅಂಕಿ ಬರುತ್ತದೆ. ಬೇಕಿದ್ದರೆ ಇಂಜಿನ್ ತಣ್ಣಗಿರುವಾಗಲೇ ಅಲ್ಲಿ ಒಂದು ತುಂಡು ಕಪ್ಪು ಟೇಪ್ ಅಂಟಿಸಿಡಿ.

3. ಬಿಲ್ ಓದಿ, ಬಾನೆಟ್ ಎತ್ತಿ

ಏನೇನು ಬಿಚ್ಚಿದ್ದಾರೆ ಅನ್ನುವುದು ಬಿಲ್ಲಿನಲ್ಲಿ ಗೊತ್ತಾಗುತ್ತದೆ. ಥರ್ಮೋಸ್ಟಾಟ್ ಕೂಡ ಹೊಸದು ಹಾಕಿದ್ದಾರಾ ನೋಡಿ. ಹಳೆಯದು ತೆರೆದೇ ಸಿಕ್ಕಿಕೊಂಡಿದ್ದರೆ ನಿಮ್ಮ ಇಂಜಿನ್ ಇಷ್ಟು ದಿನ 75ರಲ್ಲೇ ಓಡಿರುತ್ತದೆ. ಈಗಿನ 90 ಜಾಸ್ತಿ ಅಲ್ಲ, ಆಗಿನದು ಕಡಿಮೆ.

ಟಾರ್ಚ್ ಹಿಡಿದು ನೋಡಬೇಕಾದ್ದು: ಹೋಸ್ ಕ್ಲ್ಯಾಂಪ್‌ಗಳ ಸುತ್ತ ಒದ್ದೆ ಅಥವಾ ಒಣಗಿದ ಬಿಳಿ, ಗುಲಾಬಿ, ಹಸಿರು ಕಲೆ. ಮಡಚಿಕೊಂಡ ಹೋಸ್. ಸಿಕ್ಕಿಸದೇ ಬಿಟ್ಟ ಕನೆಕ್ಟರ್. ಆಮೇಲೆ ರೇಡಿಯೇಟರ್ ಅಕ್ಕಪಕ್ಕದ ಪ್ಲಾಸ್ಟಿಕ್ ತಡೆಗಳು, ಫೋಮ್ ಪಟ್ಟಿ, ಫ್ಯಾನ್ ಸುತ್ತಿನ ಕವರ್, ಕೆಳಗಿನ ಟ್ರೇ. ಇವನ್ನು ಬಿಚ್ಚಿದವರು ಹಾಕಲು ಮರೆಯುತ್ತಾರೆ, ಕೆಲವರು "ಸುಮ್ನೆ ಇರುತ್ತೆ ಸಾರ್ ಅದು" ಅಂತ ಬೇಕೆಂದೇ ಬಿಡುತ್ತಾರೆ. ಸುಮ್ನೆ ಇರುವುದಿಲ್ಲ. ಗಾಳಿ ರೇಡಿಯೇಟರ್ ಒಳಗೇ ಹಾಯಬೇಕು, ಪಕ್ಕದಿಂದ ಜಾರಿ ಹೋಗಬಾರದು ಅಂತಲೇ ಅವು ಇರುವುದು.

4. ಏರ್ ಲಾಕ್

ನನ್ನನ್ನು ಒಂದೇ ಕಾರಣ ಊಹಿಸಿ ಅಂದರೆ ಇದನ್ನೇ ಹೇಳುತ್ತೇನೆ. ಏರ್ ಲಾಕ್ ಎಂದರೆ ಕೂಲಂಟ್ ಹರಿಯುವ ದಾರಿಯಲ್ಲಿ ಗಾಳಿಯ ಗುಳ್ಳೆ ಸಿಕ್ಕಿಕೊಂಡು ಹರಿವು ತಡೆಯುವುದು. ಬಹಳ ಇಂಜಿನ್‌ಗಳಲ್ಲಿ ಇಜಿಆರ್ ಕೂಲರ್ ಎತ್ತರದಲ್ಲಿ, ಹೆಡ್‌ನ ಹಿಂಭಾಗದಲ್ಲಿ ಕೂತಿರುತ್ತದೆ. ಗಾಳಿ ಮೇಲಕ್ಕೇ ಹೋಗುವುದರಿಂದ ಅಲ್ಲೇ ಸೇರಿಕೊಳ್ಳುತ್ತದೆ. ಸುತ್ತ ನೂರಾರು ಡಿಗ್ರಿಯ ಹೊಗೆ, ಒಳಗೆ ಕೂಲಂಟ್ ಬದಲು ಗಾಳಿ. ಹೀಗೇ ಓಡಿಸಿದರೆ ಹೊಸ ಕೂಲರ್ ಕೂಡ ಬಿರುಕು ಬಿಡಬಹುದು. ಆದ್ದರಿಂದ ಇದನ್ನು ನಾಳೆ ನೋಡೋಣ ಅಂತ ಬಿಡಬೇಡಿ.

ಲಕ್ಷಣಗಳು: ತಾಪದ ಅಂಕಿ ನಿಧಾನವಾಗಿ ಏರದೆ ದಿಢೀರ್ ಜಿಗಿಯುವುದು, ಮತ್ತೆ ದಿಢೀರ್ ಬೀಳುವುದು. ಡ್ಯಾಶ್‌ಬೋರ್ಡ್ ಹಿಂದೆ ನೀರು ಗುಳುಗುಳು ಸದ್ದು. ಇಂಜಿನ್ ಬಿಸಿ ಇದ್ದರೂ ಹೀಟರಿನಲ್ಲಿ ತಣ್ಣನೆ ಗಾಳಿ ಬರುವುದು. ನಮ್ಮ ಕಡೆ ಹೀಟರ್ ಯಾರೂ ಹಾಕುವುದಿಲ್ಲ, ಅಲ್ವಾ? ಅದಕ್ಕೇ ಈ ಸುಳಿವು ಯಾರ ಕಣ್ಣಿಗೂ ಬೀಳುವುದಿಲ್ಲ. ಒಮ್ಮೆ ಹಾಕಿ ನೋಡಿ.

ಗಾಳಿ ತೆಗೆಯುವ ಕ್ರಮ ಗಾಡಿಯಿಂದ ಗಾಡಿಗೆ ಬೇರೆ. ಸಾಮಾನ್ಯ ದಾರಿ ಇದು:

ಇಂಜಿನ್ ಪೂರ್ತಿ ತಣ್ಣಗಿರಬೇಕು. ಗಾಡಿಯ ಮುಂಭಾಗ ಸ್ವಲ್ಪ ಎತ್ತರ ಇರುವಂತೆ ಇಳಿಜಾರಿನಲ್ಲಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಹಾಕಿ, ಚಕ್ರಕ್ಕೆ ಕಲ್ಲು ಕೊಡಿ. ಹೀಟರನ್ನು ಅತಿ ಬಿಸಿಗೆ ತಿರುಗಿಸಿ. ಮುಚ್ಚಳ ತೆಗೆದು ಕೂಲಂಟನ್ನು ನಿಧಾನವಾಗಿ ಹುಯ್ಯಿರಿ. ಬ್ಲೀಡ್ ಸ್ಕ್ರೂ (ಗಾಳಿ ಬಿಡಲು ಇಟ್ಟ ಪುಟ್ಟ ತಿರುಪು) ಇದ್ದರೆ ಸಡಿಲಿಸಿ, ಗುಳ್ಳೆ ನಿಂತು ಬರೀ ಕೂಲಂಟ್ ಬರುವಾಗ ಬಿಗಿ ಮಾಡಿ. ಮೇಲಿನ ಹೋಸನ್ನು ಕೈಯಲ್ಲಿ ಹಿಚುಕುತ್ತಾ ಇದ್ದರೆ ಗುಳ್ಳೆ ಬೇಗ ಬರುತ್ತದೆ. ಮಟ್ಟ ನಿಂತ ಮೇಲೆ ಮುಚ್ಚಳ ಹಾಕಿ ಸ್ಟಾರ್ಟ್ ಮಾಡಿ. ಫ್ಯಾನ್ ಒಮ್ಮೆ ಓಡಿ ನಿಲ್ಲುವವರೆಗೂ ಬಿಡಿ, ತಾಪದ ಅಂಕಿ ನೋಡುತ್ತಲೇ ಇರಿ. ಆಫ್ ಮಾಡಿ, ಪೂರ್ತಿ ತಣ್ಣಗಾದ ಮೇಲೆ ಮಟ್ಟ ನೋಡಿ, ಇಳಿದಿದ್ದರೆ ತುಂಬಿಸಿ.

ಹೊಸ ಗಾಡಿಗಳಲ್ಲಿ ಕೆಲವಕ್ಕೆ ಇದು ಸಾಲುವುದಿಲ್ಲ. ವ್ಯಾಕ್ಯೂಮ್ ಫಿಲ್ಲಿಂಗ್ ಮಾಡಬೇಕು, ಅಂದರೆ ಒಳಗಿನ ಗಾಳಿಯನ್ನು ಮೊದಲು ಎಳೆದು ತೆಗೆದು ಆಮೇಲೆ ಕೂಲಂಟ್ ಬಿಡುವುದು. ಎಲೆಕ್ಟ್ರಿಕ್ ಕೂಲಂಟ್ ಪಂಪ್ ಇರುವ ಗಾಡಿಗೆ ಸ್ಕ್ಯಾನರ್‌ನಿಂದ ಬ್ಲೀಡಿಂಗ್ ಆದೇಶ ಕೊಡಬೇಕಾಗಬಹುದು. ಇವೆರಡೂ ಗ್ಯಾರೇಜಿನ ಕೆಲಸ. ಎಷ್ಟು ಲೀಟರ್ ಹಿಡಿಯಬೇಕು, ಎಷ್ಟು ಹಿಡಿಯಿತು ಅಂತ ಕೇಳಿ. ಕೂಲಂಟನ್ನು ಪೂರ್ತಿ ಇಳಿಸಿದ್ದರೂ ಏಳು ಲೀಟರ್ ಹಿಡಿಯಬೇಕಾದಲ್ಲಿ ಐದೂವರೆ ಮಾತ್ರ ಹಿಡಿದಿದೆ ಅಂದರೆ ಉತ್ತರ ಸಿಕ್ಕಂತೆಯೇ.

ಮೊದಲ ಕೆಲವು ಓಡಾಟದಲ್ಲಿ ಮಟ್ಟ ಸ್ವಲ್ಪ ಇಳಿಯುವುದು ಸಹಜ. ಆಮೇಲೂ ಇಳಿಯುತ್ತಲೇ ಇದ್ದರೆ ಎಲ್ಲೋ ಹೋಗುತ್ತಿದೆ. ಅದಕ್ಕೆ 8ನೇ ಹಂತ.

5. ಒಳಗೆ ಹುಯ್ದದ್ದು ಏನು, ಮುಚ್ಚಳ ಹೇಗಿದೆ

ರಿಪೇರಿ ಆದ ಮೇಲೆ ಬರೀ ನಲ್ಲಿ ನೀರು ತುಂಬಿಸಿ ಕಳಿಸುವ ಗ್ಯಾರೇಜುಗಳು ಇನ್ನೂ ಇವೆ. ಕೋಲಾರ, ಚಿತ್ರದುರ್ಗದ ಕಡೆಯ ಬೋರ್‌ವೆಲ್ ನೀರಾದರಂತೂ ಉಪ್ಪು ರೇಡಿಯೇಟರಿನ ಸಣ್ಣ ಕೊಳವೆಗಳಲ್ಲಿ ಕಟ್ಟುತ್ತದೆ. ಕೂಲಂಟ್ ಸಾಮಾನ್ಯವಾಗಿ ಅರ್ಧಕ್ಕರ್ಧ ಡಿಸ್ಟಿಲ್ಡ್ ವಾಟರ್ ಜೊತೆ ಬೆರೆಸುವಂಥದ್ದು. ರೆಡಿ ಮಿಕ್ಸ್ ಆದರೆ ನೀರು ಬೆರೆಸಬೇಡಿ. ಕಾನ್ಸಂಟ್ರೇಟ್ ಆದರೆ ಬರೀ ಅದನ್ನೇ ತುಂಬಬೇಡಿ, ನೀರಿನಷ್ಟು ಚೆನ್ನಾಗಿ ಅದು ಬಿಸಿ ಹೊರುವುದಿಲ್ಲ. ಬಣ್ಣ ಒಂದೇ ಇದೆ ಅಂತ ಬೇರೆ ಬೇರೆ ಜಾತಿಯ ಕೂಲಂಟ್ ಬೆರೆಸಬೇಡಿ. ಬಣ್ಣ ಕಂಪನಿ ಹಾಕುವುದು, ಒಳಗಿನ ರಸಾಯನ ಬೇರೆ ಇರಬಹುದು.

ಮುಚ್ಚಳ ಸಣ್ಣದು, ಆದರೆ ಕುಕ್ಕರಿನ ವೆಯ್ಟ್ ಮಾಡುವ ಕೆಲಸವನ್ನೇ ಅದು ಮಾಡುತ್ತದೆ. ಅರ್ಧಕ್ಕರ್ಧ ಬೆರೆಸಿದ ಕೂಲಂಟ್ ಮುಚ್ಚಳದ ಪ್ರೆಷರ್ ಇಲ್ಲದಾಗ ಸುಮಾರು 107 ಡಿಗ್ರಿಗೆ ಕುದಿಯುತ್ತದೆ. ಸುಮಾರು 1 ಬಾರ್ ಪ್ರೆಷರ್ ಹಿಡಿದಿಡುವ ಮುಚ್ಚಳ ಇದ್ದರೆ 125 ದಾಟುವವರೆಗೂ ಕುದಿಯುವುದಿಲ್ಲ. ಮುಚ್ಚಳದ ರಬ್ಬರ್ ಸತ್ತಿದ್ದರೆ ಆ ರಕ್ಷಣೆ ಹೋಯಿತು. ಬೆಲೆ ಕಡಿಮೆ, ಅನುಮಾನ ಇದ್ದರೆ ಅದೇ ಪ್ರೆಷರ್ ರೇಟಿಂಗ್ ಇರುವುದನ್ನು ಹೊಸದಾಗಿ ಹಾಕಿಬಿಡಿ.

6. ಫ್ಯಾನ್, ಥರ್ಮೋಸ್ಟಾಟ್

ಎಸಿ ಆನ್ ಮಾಡಿ. ಹೆಚ್ಚಿನ ಕಾರುಗಳಲ್ಲಿ ಫ್ಯಾನ್ ತಿರುಗಬೇಕು. ತಿರುಗದಿದ್ದರೆ ಫ್ಯೂಸ್, ರಿಲೇ, ಕನೆಕ್ಟರ್ ನೋಡಿ. ಒಂದು ವೇಗದಲ್ಲಿ ಮಾತ್ರ ತಿರುಗುವ ಫ್ಯಾನ್ ಕೂಡ ಹಾಳಾದದ್ದೇ ಇರಬಹುದು. ಉಲ್ಟಾ, ಸ್ಟಾರ್ಟ್ ಮಾಡಿದ ಕೂಡಲೇ ಫ್ಯಾನ್ ಜೋರಾಗಿ ಓಡುತ್ತಿದ್ದರೆ ಕೂಲಂಟ್ ಸೆನ್ಸರಿನ ಸಿಗ್ನಲ್ ಬರುತ್ತಿಲ್ಲ ಅಂತ ಎಷ್ಟೋ ಗಾಡಿಗಳಲ್ಲಿ ಅರ್ಥ. 2ನೇ ಹಂತಕ್ಕೆ ಹಿಂತಿರುಗಿ.

ಅಂಕಿ 95 ದಾಟಿದ ಮೇಲೂ ರೇಡಿಯೇಟರಿನ ಒಂದು ಕಡೆಯ ಹೋಸ್ ಸುಡುತ್ತಿದ್ದು ಇನ್ನೊಂದು ತಣ್ಣಗೇ ಇದ್ದರೆ ಥರ್ಮೋಸ್ಟಾಟ್ ತೆರೆಯುತ್ತಿಲ್ಲ, ಇಲ್ಲವೇ ಹರಿವು ಎಲ್ಲೋ ನಿಂತಿದೆ. ಹೋಸ್ ಮುಟ್ಟಿ ನೋಡಬೇಡಿ, ಥರ್ಮಾಮೀಟರ್ ಹಿಡಿದು ನೋಡಿ.

7. ಹೊಗೆಯ ದಾರಿ, ಗಾಳಿಯ ದಾರಿ

ಡಿಪಿಎಫ್ ಕೆಲಸ ಮಾಡಿಸಿದವರಿಗೆ ಇದು ಮುಖ್ಯ. ಡಿಪಿಎಫ್ ಎಂದರೆ ಡೀಸೆಲ್ ಹೊಗೆಯ ಮಸಿ ಹಿಡಿಯುವ ಜರಡಿ. ತುಂಬಿದಾಗ ಇಂಜಿನ್ ಅದನ್ನು ತಾನೇ ಸುಟ್ಟು ಖಾಲಿ ಮಾಡುತ್ತದೆ, ಅದಕ್ಕೆ ರೀಜನರೇಷನ್ ಅನ್ನುತ್ತಾರೆ. ಆಗ ಡಿಪಿಎಫ್ ಒಳಗೆ ಸುಮಾರು 600 ಡಿಗ್ರಿ. ಐಡ್ಲಿಂಗ್ ಸ್ವಲ್ಪ ಏರುತ್ತದೆ, ಫ್ಯಾನ್ ಜೋರಾಗುತ್ತದೆ, ಸುಟ್ಟ ವಾಸನೆ ಬರಬಹುದು, ಮೈಲೇಜ್ ಬೀಳುತ್ತದೆ. ಆಗೊಮ್ಮೆ ಈಗೊಮ್ಮೆ ಆದರೆ ಸಹಜ. ಪ್ರತಿ ಓಡಾಟದಲ್ಲೂ ಆಗುತ್ತಿದ್ದರೆ ಸಹಜ ಅಲ್ಲ.

ಅದಕ್ಕೆ ಎರಡು ಕಾರಣ ಸಾಮಾನ್ಯ. ಡಿಪಿಎಫ್ ಮುಂದಿನ ಮತ್ತು ಹಿಂದಿನ ಪ್ರೆಷರ್ ಅಳೆಯುವ ಸೆನ್ಸರ್‌ಗೆ ಎರಡು ಸಣ್ಣ ಪೈಪ್ ಇರುತ್ತವೆ, ಅವನ್ನು ಅದಲು ಬದಲು ಹಾಕಿರುವುದು. ಇಲ್ಲವೇ ಡಿಪಿಎಫ್ ಹೊಸದು ಹಾಕಿ ಅದನ್ನು ಇಂಜಿನ್ ಕಂಪ್ಯೂಟರಿಗೆ ತಿಳಿಸದೇ ಇರುವುದು. ಅದು ಇನ್ನೂ ಹಳೇ ಲೆಕ್ಕದಲ್ಲೇ ಇರುತ್ತದೆ.

ಡಿಪಿಎಫ್ ಆಗಲಿ ಕ್ಯಾಟಲಿಟಿಕ್ ಕನ್ವರ್ಟರ್ ಆಗಲಿ ಒಳಗೆ ಕಟ್ಟಿಕೊಂಡಿದ್ದರೆ ಹೊಗೆ ಹೊರಗೆ ಹೋಗಲು ಒದ್ದಾಡುತ್ತದೆ. ಪಿಕಪ್ ಸತ್ತಿರುತ್ತದೆ, ಏರಿನಲ್ಲಿ ಆಕ್ಸಲರೇಟರ್ ಒತ್ತಿದಷ್ಟೂ ಬಿಸಿ ಏರುತ್ತದೆ.

ಇಜಿಆರ್ ಬಿಚ್ಚಿದಾಗ ಟರ್ಬೊ (ಇಂಜಿನ್‌ಗೆ ಗಾಳಿ ಒತ್ತಿ ತುಂಬುವ ಭಾಗ) ಗಾಳಿಯ ದಪ್ಪ ಹೋಸ್ ಕೂಡ ಬಿಚ್ಚಿರುತ್ತಾರೆ. ಅದರ ಕ್ಲ್ಯಾಂಪ್ ಸಡಿಲ ಉಳಿದರೆ ಬುಸ್ ಅನ್ನುವ ಸದ್ದು, ಕಪ್ಪು ಹೊಗೆ, ಕೋಡ್ ಪಿ0299 (ಟರ್ಬೊ ಒತ್ತಡ ಕಡಿಮೆ). ಗಾಳಿ ಸಾಲದೆ ನೀವು ಜಾಸ್ತಿ ಆಕ್ಸಲರೇಟರ್ ಒತ್ತುತ್ತೀರಿ, ಜಾಸ್ತಿ ಡೀಸೆಲ್ ಉರಿಯುತ್ತದೆ, ಬಿಸಿ ಏರುತ್ತದೆ. ಪಿ0401 ಬಂದರೆ ಇಜಿಆರ್ ಹರಿವು ಕಡಿಮೆ, ಪಿ0402 ಬಂದರೆ ಜಾಸ್ತಿ. ಹೊಸ ವಾಲ್ವ್ ಹಾಕಿದ್ದರೆ ಸ್ಕ್ಯಾನರಿನಲ್ಲಿ ಅದರ ಲರ್ನಿಂಗ್ ಮಾಡಿದ್ದಾರಾ ಕೇಳಿ. ವಾಲ್ವ್ ಪೂರ್ತಿ ಮುಚ್ಚುವ ಜಾಗ ಯಾವುದು ಅಂತ ಕಂಪ್ಯೂಟರಿಗೆ ಕಲಿಸುವ ಕೆಲಸ ಅದು. ಹಳೇ ಕೋಡ್ ಅಳಿಸುವ ಮುಂಚೆ ಫೋಟೋ ತೆಗೆದಿಟ್ಟುಕೊಳ್ಳಿ.

ಪೆಟ್ರೋಲ್ ಗಾಡಿಯವರು ಪಿ0171 ಬಂದಿದೆಯಾ ನೋಡಿ. ರಿಪೇರಿಯಲ್ಲಿ ಯಾವುದೋ ವ್ಯಾಕ್ಯೂಮ್ ಪೈಪ್ ಸಡಿಲವಾಗಿ ಲೆಕ್ಕಕ್ಕಿಲ್ಲದ ಗಾಳಿ ಒಳಗೆ ಬರುತ್ತಿರಬಹುದು. ಚೆಕ್ ಇಂಜಿನ್ ದೀಪ ಮಿಣುಕುತ್ತಿದ್ದರೆ ಮಿಸ್‌ಫೈರ್ ಆಗುತ್ತಿದೆ, ಅಂದರೆ ಸಿಲಿಂಡರಿನಲ್ಲಿ ಇಂಧನ ಸರಿಯಾಗಿ ಉರಿಯುತ್ತಿಲ್ಲ. ಹಾಗೇ ಓಡಿಸಿದರೆ ಹೊಸ ಕನ್ವರ್ಟರ್ ಕೂಡ ಸುಟ್ಟುಹೋಗುತ್ತದೆ.

8. ಕೂಲಂಟ್ ಕಾಣೆಯಾಗುತ್ತಿದ್ದರೆ

ಹೊರಗೆ ಎಲ್ಲೂ ಸೋರಿಕೆ ಇಲ್ಲ, ಆದರೂ ಮಟ್ಟ ಇಳಿಯುತ್ತಿದೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಸಿಹಿ ವಾಸನೆಯ ಬಿಳಿ ಹೊಗೆ. ಹೀಗಾದಾಗ ಗ್ಯಾರೇಜಿನಲ್ಲಿ ತಕ್ಷಣ ಬರುವ ಮಾತು "ಹೆಡ್ ಗ್ಯಾಸ್ಕೆಟ್ ಹೋಗಿದೆ" (ಹೆಡ್ ಕೆಳಗಿನ ಸೀಲು ಹಾಳಾಗಿದೆ ಅಂತ). ಸ್ವಲ್ಪ ತಡೆಯಿರಿ.

ಮೊದಲು ಪ್ರೆಷರ್ ಟೆಸ್ಟ್ ಮಾಡಿಸಿ. ತಣ್ಣಗಿರುವ ಇಂಜಿನ್‌ಗೆ ಕೈಪಂಪಿನಿಂದ ಮುಚ್ಚಳದ ಮೇಲೆ ಬರೆದಷ್ಟು ಪ್ರೆಷರ್ ಕೊಟ್ಟು ಹದಿನೈದು ನಿಮಿಷ ಬಿಟ್ಟರೆ ಮುಳ್ಳು ಇಳಿಯಬಾರದು. ಇಳಿದು, ಹೊರಗೆ ಹನಿಯೂ ಕಾಣದಿದ್ದರೆ ಒಳಸೋರಿಕೆ.

ಮುಂದಿನದು ಕೂಲಂಟ್ ಟ್ಯಾಂಕಿನ ಗಾಳಿಯಲ್ಲಿ ಹೊಗೆಯ ಅಂಶ ಇದೆಯಾ ನೋಡುವ ನೀಲಿ ದ್ರವದ ಟೆಸ್ಟ್. ಬಣ್ಣ ಬದಲಾದರೆ ಹೊಗೆ ಕೂಲಂಟ್‌ಗೆ ಸೇರುತ್ತಿದೆ ಅಂತ. ಇಲ್ಲೇ ಬಹಳ ಜನ ಎಡವುವುದು. ಇಜಿಆರ್ ಕೂಲರ್ ಒಳಗೆ ಬಿರುಕು ಬಿಟ್ಟಿದ್ದರೂ ಹೊಗೆ ಕೂಲಂಟ್‌ಗೆ ಸೇರುತ್ತದೆ, ಬಣ್ಣ ಹಾಗೇ ಬದಲಾಗುತ್ತದೆ. ಹೆಡ್ ಬಿಚ್ಚುವ ಮುಂಚೆ ಕೂಲರನ್ನು ಬೇರ್ಪಡಿಸಿ ಅದಕ್ಕೊಂದೇ ಪ್ರೆಷರ್ ಟೆಸ್ಟ್ ಮಾಡಿ ಅಂತ ಪಟ್ಟು ಹಿಡಿಯಿರಿ. ಹೆಡ್ ಬಿಚ್ಚುವ ಖರ್ಚಿನ ಮುಂದೆ ಇದು ಏನೂ ಅಲ್ಲ. ಹೊಸ ಕೂಲರ್ ತಾನೇ ಅಂತ ಬಿಡಬೇಡಿ. ಏರ್ ಲಾಕ್ ಇಟ್ಟುಕೊಂಡು ಓಡಿದ್ದರೆ ಹೊಸದೂ ಹೋಗಿರಬಹುದು.

ಈ ಎರಡು ಸಲಹೆ ಕೇಳಬೇಡಿ

"ಥರ್ಮೋಸ್ಟಾಟ್ ತೆಗೆದುಬಿಡಿ, ತಣ್ಣಗಿರುತ್ತೆ." ತಣ್ಣಗೇನೋ ಇರಬಹುದು. ಆದರೆ ಇಂಜಿನ್ ಸರಿಯಾದ ತಾಪ ಮುಟ್ಟದಿದ್ದರೆ ಡಿಪಿಎಫ್ ರೀಜನರೇಷನ್ ಶುರುವಾಗುವುದಿಲ್ಲ, ಪಿ0128 ಕೋಡ್ ಬರುತ್ತದೆ, ಡೀಸೆಲ್ ಜಾಸ್ತಿ ಕುಡಿಯುತ್ತದೆ. ಕೆಲವು ಇಂಜಿನ್‌ಗಳಲ್ಲಿ ಥರ್ಮೋಸ್ಟಾಟ್ ತೆಗೆದರೆ ರೇಡಿಯೇಟರ್ ತಪ್ಪಿಸಿ ಹೋಗುವ ಬೈಪಾಸ್ ದಾರಿ ತೆರೆದೇ ಉಳಿದು ಕೂಲಂಟ್ ರೇಡಿಯೇಟರಿಗೆ ಸರಿಯಾಗಿ ಹೋಗುವುದೇ ಇಲ್ಲ, ಬಿಸಿ ಇನ್ನೂ ಏರುತ್ತದೆ.

"ಇಜಿಆರ್‌ಗೆ ಪ್ಲೇಟ್ ಹೊಡೆದು ಬ್ಲಾಕ್ ಮಾಡಿ." ಇದರಿಂದ ಅಂಕಿ ಇಳಿಯಬಹುದು, ಸುಳ್ಳು ಹೇಳುವುದಿಲ್ಲ. ಹೊಗೆಯ ಬಿಸಿ ಕೂಲಂಟ್‌ಗೆ ಬರುವುದು ನಿಂತಿತಲ್ಲ! ಆದರೆ ಕಟ್ಟಿದ ರೇಡಿಯೇಟರ್ ಹಾಗೇ ಇದೆ, ಗಾಳಿಯೂ ಒಳಗೇ ಇದೆ. ಬೇಸಿಗೆಯಲ್ಲಿ ಶಿರಾಡಿ ಹತ್ತುವಾಗ ಅದೇ ತೊಂದರೆ ಮತ್ತೆ ಸಿಗುತ್ತದೆ. ಜೊತೆಗೆ ಇದು ಕಂಪನಿ ಮಾಡಿದ ಗಾಡಿಯನ್ನು ತಿದ್ದಿದ ಹಾಗೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಇದನ್ನು ಒಪ್ಪುವುದಿಲ್ಲ, ವಾರಂಟಿಗೂ ತೊಂದರೆ. "ಎಮಿಷನ್ ಟೆಸ್ಟ್ ಪಾಸ್ ಆಯ್ತಲ್ಲ" ಅನ್ನುವವರಿದ್ದಾರೆ. ನಮ್ಮಲ್ಲಿ ಡೀಸೆಲ್ ಗಾಡಿಗೆ ಆ ಟೆಸ್ಟಿನಲ್ಲಿ ನೋಡುವುದು ಹೊಗೆ ಎಷ್ಟು ಕಪ್ಪಾಗಿದೆ ಅಂತ ಮಾತ್ರ. ನೈಟ್ರೋಜನ್ ಆಕ್ಸೈಡ್ ಅಳೆಯುವುದೇ ಇಲ್ಲ.

ಗ್ಯಾರೇಜಿಗೆ ಮತ್ತೆ ಹೋಗುವಾಗ

"ಬಿಸಿ ಆಗ್ತಿದೆ" ಅಂದರೆ ಯಾರೂ ಗಂಭೀರವಾಗಿ ತೆಗೆದುಕೊಳ್ಳುವುದಿಲ್ಲ. "60ರ ವೇಗದಲ್ಲಿ 92, ಸಿಗ್ನಲ್ಲಿನಲ್ಲಿ ಐದು ನಿಮಿಷ ನಿಂತರೆ 108, ಫ್ಯಾನ್ ಓಡುತ್ತಿಲ್ಲ" ಅನ್ನಿ. ಬರೆದಿಟ್ಟ ಅಂಕಿ, ಕೋಡಿನ ಫೋಟೋ, ರಿಪೇರಿಯ ಬಿಲ್ ಜೊತೆಯಲ್ಲಿರಲಿ. ನಾಲ್ಕು ಪ್ರಶ್ನೆ ಕೇಳಿ: ಎಷ್ಟು ಲೀಟರ್ ಕೂಲಂಟ್ ಹಿಡಿಯಿತು, ಯಾವ ಕೂಲಂಟ್, ಗಾಳಿ ಹೇಗೆ ತೆಗೆದಿರಿ, ಪ್ರೆಷರ್ ಟೆಸ್ಟ್ ಮಾಡಿದಿರಾ? ಸಾಧ್ಯವಾದರೆ ಪ್ರೆಷರ್ ಟೆಸ್ಟ್ ನಿಮ್ಮ ಎದುರಿಗೇ ಮಾಡಿಸಿ. ಬಿಚ್ಚಿದ ಹಳೇ ಕೂಲರ್ ಅವರಲ್ಲೇ ಇದ್ದರೆ ಕೇಳಿ ಪಡೆಯಿರಿ. ಅದರ ಒಳಗೆ ಮಸಿ ಎಷ್ಟು ಕಟ್ಟಿದೆ ನೋಡಿದರೆ, ರಿಪೇರಿಗೆ ಮುಂಚೆ ನಿಮ್ಮ ಇಜಿಆರ್ ಕೆಲಸ ಮಾಡುತ್ತಿತ್ತೋ ಇಲ್ಲವೋ ಅನ್ನುವುದೂ ಅಂದಾಜಾಗುತ್ತದೆ.